ಕಣದಲ್ಲಿ ತೀರುತ್ತಿದ್ದ ವರ್ಷದ ಲೆಕ್ಕ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಹಳೆಯ ಮನೆಗಳ ಅಟ್ಟವನ್ನು ಹುಡುಕಿದರೆ ಇಂದಿಗೂ ಒಂದು ಸೇರು ಸಿಗುವುದುಂಟು. ಕಬ್ಬಿಣದ ಪಟ್ಟಿ ಬಿಗಿದ ಮರದ ಸೇರೋ, ಅಂಚು ಸವೆದ ಹಿತ್ತಾಳೆಯ ಅಚ್ಚೇರೋ ಇರಬಹುದು. ಮೊಮ್ಮಕ್ಕಳಿಗೆ ಅದು ಆಟಿಗೆಯ ಸಾಮಾನು. ಸೊಸೆಯಂದಿರಿಗೆ ಅಟ್ಟದ ಕಸ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ನಮ್ಮ ಹಳ್ಳಿಗಳಲ್ಲಿ ನಾಣ್ಯದ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತಿದ್ದುದು ಈ ಸೇರೇ. ಕ್ಷೌರ ಮಾಡಿಸಿಕೊಂಡವನು ಕಿಸೆಗೆ ಕೈ ಹಾಕುತ್ತಿರಲಿಲ್ಲ. ರಂಟೆ ಮುರಿದರೆ ಬಡಿಗನ ಮನೆಯ ಮುಂದೆ ಇಳಿಸಿ ಬರುವುದಿತ್ತೇ ಹೊರತು ಕೂಲಿ ಎಷ್ಟೆಂದು ಕೇಳುವ ವಾಡಿಕೆ ಇರಲಿಲ್ಲ. ಅಗಸರವಳು ಬಟ್ಟೆಯ ಗಂಟು ಒಯ್ದು, ಒಗೆದು, ಮರಳಿ ತಂದಿಟ್ಟು, ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಎಲ್ಲರ ಲೆಕ್ಕವೂ ವರ್ಷಕ್ಕೊಮ್ಮೆ, ಸುಗ್ಗಿಯಲ್ಲಿ, ಜೋಳದ ರಾಶಿಯ ಮುಂದೆ ತೀರುತ್ತಿತ್ತು.

ತೀರುತ್ತಿತ್ತು ಎಂದು ನಮ್ಮ ಹಿರಿಯರು ಹೇಳಿದರು, ನಾವು ನಂಬಿದೆವು. ಆ ಲೆಕ್ಕವು ಎಲ್ಲರ ಪಾಲಿಗೂ ನಿಜವಾಗಿ ತೀರುತ್ತಿತ್ತೇ ಎಂಬುದನ್ನು ಈಗ ಸಾವಧಾನವಾಗಿ ನೋಡುವುದು ಒಳ್ಳೆಯದು. ಆ ವ್ಯವಸ್ಥೆಯನ್ನು ಕಣ್ಣಾರೆ ಕಂಡವರು ಈಗ ಬಹಳ ಮಂದಿ ಉಳಿದಿಲ್ಲ. ಉಳಿದಿರುವುದು ಅವರ ಮಾತು, ಅವರ ಸೇರು ಮತ್ತು ಅವರ ಕನ್ನಡ.

ಬಾಯಿಯಲ್ಲಿ ಕನ್ನಡ, ದಫ್ತರದಲ್ಲಿ ಮೋಡಿ

ಅಂದು ನಮ್ಮ ಪ್ರದೇಶ ಒಂದೇ ಆಳ್ವಿಕೆಯ ಕೆಳಗಿರಲಿಲ್ಲ. ಸೊಲ್ಲಾಪುರ ಜಿಲ್ಲೆ ಬ್ರಿಟಿಷರ ಮುಂಬಯಿ ಇಲಾಖೆಗೆ ಸೇರಿತ್ತು; ಅಕ್ಕಲಕೋಟೆ ಮತ್ತು ಜತ್ತ ಬೇರೆ ಬೇರೆ ಸಂಸ್ಥಾನಗಳಾಗಿದ್ದವು; ಮೂಡಲಿಗೆ ನಡೆದರೆ ನಿಜಾಮನ ಸೀಮೆ. ಗಡಿಗಳು ಹಲವಾದರೂ ಕಪ್ಪು ಮಣ್ಣು ಒಂದೇ ಆಗಿತ್ತು, ಆ ಮಣ್ಣಿನ ಬಿಳಿಜೋಳ ಒಂದೇ ಆಗಿತ್ತು. ಕಣದಲ್ಲಿ ಆಡುವ ಮಾತು ಕನ್ನಡ. ಅದೇ ಕಣದ ಉತ್ಪನ್ನ ಕುಲಕರ್ಣಿಯ ದಫ್ತರಕ್ಕೆ ಏರುವಾಗ ಮರಾಠಿಯಾಗಿ ಮೋಡಿ ಲಿಪಿಯಲ್ಲಿ ಬರೆಯಲ್ಪಡುತ್ತಿತ್ತು. ಹೀಗಾಗಿ ಒಂದೇ ಪದ್ಧತಿಗೆ ನಮ್ಮಲ್ಲಿ ಎರಡು ಹೆಸರುಗಳು ನಿಂತವು. ಕನ್ನಡದಲ್ಲಿ ಅದು ‘ಆಯ’, ಪಡೆಯುವವರು ‘ಆಯಗಾರರು’. ಮರಾಠಿಯಲ್ಲಿ ಅದು ‘ಬಲೂತಿ’, ಪಡೆಯುವವರು ‘ಬಲೂತೇದಾರರು’. ಹನ್ನೆರಡು ಮಂದಿ ಆಯಗಾರರೆಂಬ ಎಣಿಕೆ ಎರಡೂ ಭಾಷೆಗಳಲ್ಲಿ ರೂಢವಾಗಿದ್ದರೂ ಎಲ್ಲ ಊರುಗಳಲ್ಲೂ ಹನ್ನೆರಡೇ ಮಂದಿ ಇರುತ್ತಿದ್ದರೆಂದು ತಿಳಿಯಬಾರದು. ಚಿಕ್ಕ ಊರಿನಲ್ಲಿ ಕುಂಬಾರನಿಲ್ಲದಿದ್ದರೆ ನೆರೆಯೂರಿನ ಕುಂಬಾರನೇ ಎರಡು ಊರುಗಳನ್ನು ನೋಡಿಕೊಳ್ಳುತ್ತಿದ್ದ.

ಯಾರು, ಯಾವ ಕೆಲಸ?

ಒಕ್ಕಲುತನಕ್ಕೆ ಮೊದಲು ಬೇಕಾದವನು ಬಡಿಗ. ರಂಟೆ, ಕುಂಟೆ, ಕೂರಿಗೆಗಳನ್ನು ಮಾಡುವುದು, ಮುರಿದಾಗ ಕಟ್ಟಿಕೊಡುವುದು ಅವನ ಆಯದ ಕೆಲಸ. ಮರವನ್ನು ಒಕ್ಕಲಿಗನೇ ಒದಗಿಸಬೇಕು. ಹೊಸ ಬಂಡಿ, ಮನೆಯ ಬಾಗಿಲು, ಮದುವೆಯ ಮಣೆ ಮೊದಲಾದವು ಆಯದೊಳಗೆ ಬರುತ್ತಿರಲಿಲ್ಲ. ಅವಕ್ಕೆ ಬೇರೆ ಕೂಲಿ. ಕಂಬಾರನದು ಬೆಂಕಿಯ ಕೆಲಸ. ಬಿತ್ತಿಗೆಗೆ ಮೊದಲು ಕುಳವನ್ನು ಕಾಯಿಸಿ, ಬಡಿದು, ಚೂಪು ಮಾಡಿಕೊಡಬೇಕು. ಇದ್ದಿಲು ತಂದು ಕೊಟ್ಟು, ತಿದಿ ಒತ್ತುವ ಹೊಣೆ ಒಕ್ಕಲಿಗನದೇ. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವ ದಿನ ಊರ ಹುಡುಗರಿಗೆಲ್ಲ ಹಬ್ಬ. ಕುಳ್ಳಿನ ಬೆಂಕಿಯಲ್ಲಿ ಕೆಂಪಾಗಿ ಹಿಗ್ಗಿದ ಹಳಿಯನ್ನು ಗಾಲಿಗೆ ತೊಡಿಸಿ ನೀರು ಹೊಯ್ದರೆ, ಅದು ಕುಗ್ಗಿ ಮರವನ್ನು ಬಿಗಿದು ಹಿಡಿಯುವ ಸದ್ದು ಅಗಸೆಯವರೆಗೆ ಕೇಳಿಸುತ್ತಿತ್ತು.

ಕುಂಬಾರನು ನೀರಿನ ಕೊಡ, ಅಡಿಗೆಯ ಗಡಿಗೆ, ಕಾಳಿನ ಹರವಿಗಳನ್ನು ಕೊಡುವುದಲ್ಲದೆ ಮದುವೆಯ ಐರಾಣಿಯನ್ನೂ ಕೊಡಬೇಕು. ಅದನ್ನು ಅವನ ಮನೆಯಿಂದಲೇ ಮೆರವಣಿಗೆಯಲ್ಲಿ ತರುವ ರೂಢಿ. ನಾವಲಿಗನು ಕ್ಷೌರ ಮಾಡುವನು, ಕುರು ಕೊಯ್ಯುವನು. ಅಗಸನು ಬಟ್ಟೆ ಒಗೆಯುವುದಲ್ಲದೆ ಮದುವೆ ಮನೆಗಳಲ್ಲಿ ನಡೆಮಡಿ ಹಾಸುವನು. ಮಾದರು ಬಾವಿಯ ಕಪಿಲೆಯ ತೊಗಲು, ಎತ್ತಿನ ಮಿಣಿ, ಬಾರುಕೋಲಿನ ಬಾರು ಒದಗಿಸುವರು. ಸಮಗಾರನು ಮೆಟ್ಟು ಹೊಲಿಯುವನು. ತಳವಾರನು ಊರ ಕಾವಲುಗಾರ. ಜೋಯಿಸನು ಪಂಚಾಂಗ ಹೇಳಿದರೆ, ಅಯ್ಯನವರು ಲಿಂಗವಂತರ ಮನೆಗಳ ಶುಭಾಶುಭಗಳನ್ನು ನಡೆಸುವರು. ಮುಲ್ಲಾನೂ ಅನೇಕ ಊರುಗಳಲ್ಲಿ ಆಯಕ್ಕೆ ಹಕ್ಕುದಾರ. ಮಹಾರರದಂತೂ ಊರಿನ ಎಲ್ಲಕ್ಕಿಂತ ಉದ್ದವಾದ ಕೆಲಸದ ಪಟ್ಟಿ. ಕಂದಾಯದ ಹಣವನ್ನು ಕಾವಲಿನಲ್ಲಿ ಕಚೇರಿಗೆ ಮುಟ್ಟಿಸುವುದು, ಸಾವಿನ ಸುದ್ದಿಯನ್ನು ನಡೆದುಕೊಂಡೇ ಪರವೂರಿಗೆ ಒಯ್ಯುವುದು, ಬಂದ ಅಧಿಕಾರಿಯ ಕುದುರೆ ನೋಡಿಕೊಳ್ಳುವುದು, ಹೊಲದ ಗಡಿ ತಕರಾರಿನಲ್ಲಿ ಸಾಕ್ಷಿ ನುಡಿಯುವುದು, ಸತ್ತ ದನಗಳನ್ನು ಎಳೆಯುವುದು, ಇವೆಲ್ಲವೂ ಅವರ ಪಾಲಿನವು.

ಆಯಗಾರರಲ್ಲದ ಕಸುಬಿನವರೂ ಬಂದು ಹೋಗುತ್ತಿದ್ದರು. ಗಾಣಿಗನು ಕುಸುಬೆ ಹಾಕಿಸಿಕೊಂಡು ಎಣ್ಣೆ ಅಳೆದು ಕೊಡುವನು. ಕುರುಬರ ಕಂಬಳಿ, ಕೊರವರ ಬುಟ್ಟಿ, ಬಳೆಗಾರನ ಮಲಾರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನ ಕೂಗು, ಸವೆದ ಬೀಸುಕಲ್ಲಿಗೆ ಉಳಿಯಿಂದ ಮುಳ್ಳು ಹೊಡೆದು ಕೊಡುವವರ ಟಕಟಕ ಸದ್ದು, ಇವೆಲ್ಲ ಓಣಿಯ ದಿನಚರಿಯ ಭಾಗ. ಇವರಿಗೂ ಕೂಲಿ ಬಹುಮಟ್ಟಿಗೆ ಕಾಳಿನಲ್ಲೇ. ಗಂಡಸರು ಹೊಲಕ್ಕೆ ಹೋದಾಗ ಮನೆಯ ವ್ಯಾಪಾರವೆಲ್ಲ ಹೆಂಗಸರ ಕೈಯಲ್ಲಿರುತ್ತಿತ್ತು. ಒಂದು ಮೊರ ಜೋಳ ಕೊಟ್ಟರೆ ಎಷ್ಟು ಬಳೆ, ಎಷ್ಟು ಬದನೆಕಾಯಿ ಎಂಬ ಲೆಕ್ಕದಲ್ಲಿ ನಮ್ಮ ಅಜ್ಜಿಯರು ಯಾವ ಶೆಟ್ಟಿಗೂ ಕಡಿಮೆಯವರಾಗಿರಲಿಲ್ಲ. ಸೂಲಗಿತ್ತಿಗೆ ಜೋಳ, ಎಣ್ಣೆ, ಅನುಕೂಲವಿದ್ದವರ ಮನೆಯಲ್ಲಿ ಒಂದು ಸೀರೆ. ಎರಡು ಜೀವ ಉಳಿಸಿದ ಕೈಗೆ ಸಲ್ಲುತ್ತಿದ್ದುದು ಅಷ್ಟೇ.

ರಾಶಿಯ ಮುಂದೆ

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿದ ಮೇಲೆ ಒಕ್ಕಲಿಗನ ಕಣ್ಣು ತೆನೆಯ ಮೇಲೆಯೇ. ಹಿಂಗಾರಿ ಜೋಳ ಕೊಯ್ಲಿಗೆ ಬಂದೊಡನೆ ನೆಲವನ್ನು ಕೆತ್ತಿ, ನೀರು ಹೊಡೆದು, ಗಟ್ಟಿ ಮಾಡಿ, ಸೆಗಣಿ ಸಾರಿಸಿ ಕಣ ಸಿದ್ಧಪಡಿಸುವರು. ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಹಂತಿಗೆ ಕಟ್ಟಿ ತೆನೆ ತುಳಿಸುವರು. ಗಾಳಿ ಎದ್ದಾಗ ತೂರುವರು. ರಾಶಿಯಾದ ಮೇಲೆ ಪೂಜೆ. ಅಳೆಯುವವನು ಮೆಟ್ಟು ಕಳಚಿ, ಮೌನದಿಂದ ಅಳೆಯತೊಡಗುವನು. ಮೊದಲನೆಯ ಅಳತೆಗೆ ‘ಒಂದು’ ಎನ್ನುವಂತಿಲ್ಲ. ‘ಲಾಭ’ ಎಂದೇ ಎಣಿಕೆ ಆರಂಭ.

ಆಗ ಸುತ್ತಲೂ ಆಯಗಾರರು ಕುಳಿತಿರುವರು. ಯಾರಿಗೆ ಎಷ್ಟು ಎಂಬುದು ಕಾಗದದಲ್ಲಿರಲಿಲ್ಲ, ಊರಿನ ನೆನಪಿನಲ್ಲಿತ್ತು. ಆಯಗಾರರನ್ನು ಮೂರು ಸಾಲಾಗಿ ವಿಂಗಡಿಸುವ ಪದ್ಧತಿ ಹಲವೆಡೆ ಇತ್ತು. ಮೊದಲ ಸಾಲಿನವರಿಗೆ ಹೆಚ್ಚು, ಮೂರನೆಯವರಿಗೆ ಕಡಿಮೆ. ಯಾರು ಯಾವ ಸಾಲಿನವರೆಂಬುದು ಊರಿಂದೂರಿಗೆ ಬೇರೆ. ಅಳತೆಯ ಸೇರು ಸಹ ಎಲ್ಲೆಡೆ ಒಂದೇ ಪ್ರಮಾಣದ್ದಾಗಿರಲಿಲ್ಲ. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದುತ್ತಿರಲಿಲ್ಲ. ತಲೆ ತುಂಬಿ ಅಳೆದ ಸೇರಿಗೂ ಅಂಚಿಗೆ ಒರಸಿ ಅಳೆದ ಸೇರಿಗೂ ಅಂತರವಿತ್ತು. ಆದುದರಿಂದ ಅಳೆಯುವವನ ಕೈಯಲ್ಲಿಯೇ ಧರ್ಮವೂ ಇತ್ತು, ಅಧರ್ಮವೂ ಇತ್ತು.

ಉಳಿದ ಜೋಳ ಹಗೇವಿಗೆ ಹೋಗುತ್ತಿತ್ತು. ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಕಣಿಕೆಗಳನ್ನು ಒತ್ತಾಗಿ ಹೊಂದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಹಾಕಿದರೆ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದ ಕೂಡಲೇ ಒಳಗಿಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗಲೆಂದು ಬಹಳ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಈ ಎಚ್ಚರ ತಪ್ಪಿ ಪ್ರಾಣ ಬಿಟ್ಟವರ ಕಥೆಗಳು ಅನೇಕ ಊರುಗಳಲ್ಲಿವೆ. 1876ರಿಂದ 78ರ ಬರವನ್ನೂ, 1896–97 ಹಾಗೂ 1899–1900ರ ಬರಗಳನ್ನೂ ಕಂಡ ಜನಕ್ಕೆ ಹಗೇವೇ ಬ್ಯಾಂಕು, ಹಗೇವೇ ವಿಮೆ. ಆದರೆ ಹಗೇವು ಇದ್ದುದು ಹೊಲವಿದ್ದವರಿಗೆ. ರಾಶಿಯೇ ಆಗದ ವರ್ಷ ಆಯವೂ ಇಲ್ಲ. ಒಕ್ಕಲಿಗನ ಬರ ಆಯಗಾರನ ಮನೆಗೆ ಮೊದಲು ಬರುತ್ತಿತ್ತು.

ಸಂತೆ ಮತ್ತು ರೊಕ್ಕ

ಹಾಗಾದರೆ ರೊಕ್ಕ ಬೇಡವೇ ಬೇಡವಾಗಿತ್ತೇ? ಬೇಕಿತ್ತು. ಕಂದಾಯಕ್ಕೆ ರೊಕ್ಕವೇ ಬೇಕು. ಸಂತೆಯಲ್ಲಿ ಉಪ್ಪು, ಬೆಲ್ಲ, ಹೊಗೆಸೊಪ್ಪು, ಅರಿವೆ, ಬೆಂಕಿಪೆಟ್ಟಿಗೆ, ಚಿಮಣಿ ಎಣ್ಣೆಗಳಿಗೂ ರೊಕ್ಕ ಬೇಕು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ನಾಲ್ಕಾಣೆಗೆ ನಮ್ಮ ಹಿರಿಯರ ಬಾಯಲ್ಲಿ ‘ಪಾವಲಿ’ ಎಂಬ ಹೆಸರು. ಪಾವಲಿ ಮುರಿಸುವುದೆಂದರೆ ಮನೆಯಲ್ಲಿ ಆಲೋಚನೆ ಮಾಡಿ ನಡೆಯುವ ಕಾರ್ಯವಾಗಿತ್ತು.

ಬಡವನೂ ಬಿಡಲಾಗದ ವಸ್ತು ಉಪ್ಪು. ಅದರ ಮೇಲೆ ಸರಕಾರದ ಕರ. ನಲವತ್ತು ಸೇರಿನ ಒಂದು ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಕರ 1903ರಲ್ಲಿ ಎರಡು ರೂಪಾಯಿಗೂ, 1905ರಲ್ಲಿ ಒಂದೂವರೆಗೂ, 1907ರಲ್ಲಿ ಒಂದಕ್ಕೂ ಇಳಿಯಿತು. 1916ರಲ್ಲಿ ಒಂದೂಕಾಲಿಗೆ ಏರಿತು. 1923ರಲ್ಲಿ ಒಮ್ಮೆಲೇ ಮತ್ತೆ ಎರಡೂವರೆಯಾಯಿತು. ಎರಡೂವರೆ ರೂಪಾಯಿಗೆ ನಲವತ್ತು ಆಣೆ. ಮಣಕ್ಕೆ ನಲವತ್ತು ಸೇರು. ಎಂದರೆ ಸೇರು ಉಪ್ಪಿಗೆ ಬರಿಯ ಕರವೇ ಒಂದಾಣೆ. ಮರುವರ್ಷ ಅದನ್ನು ಹಿಂದಿನ ದರಕ್ಕೆ ಇಳಿಸಲಾಯಿತು. ಸಂತೆಯಿಂದ ಉಪ್ಪಿನ ಗಂಟು ಹೊತ್ತು ಬಂದ ಅಜ್ಜಿಗೆ ಈ ಕಾಯಿದೆಗಳ ಹೆಸರು ತಿಳಿದಿರಲಿಕ್ಕಿಲ್ಲ. ಅವುಗಳ ಭಾರ ತಿಳಿದಿತ್ತು.

ರೊಕ್ಕ ಸಾಲದಾಗ ಸಾಹುಕಾರನ ಕಟ್ಟೆ. ಬೀಜಕ್ಕೆಂದು ತಂದ ಕಾಳನ್ನು ಸುಗ್ಗಿಯಲ್ಲಿ ‘ಸವಾಯಿ’ ಲೆಕ್ಕದಲ್ಲಿ ಒಂದಕ್ಕೆ ಒಂದೂಕಾಲಾಗಿ, ಇಲ್ಲವೆ ‘ದೀಡಿ’ ಲೆಕ್ಕದಲ್ಲಿ ಒಂದೂವರೆಯಾಗಿ ಹಿಂದಿರುಗಿಸಬೇಕು. ಸಾಲದಲ್ಲಿ ಮುಳುಗಿದ ರೈತರ ರಕ್ಷಣೆಗೆಂದು 1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಅನ್ವಯವಾದ ನಾಲ್ಕು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದೆಂಬುದನ್ನು ನೆನೆದರೆ ಇಲ್ಲಿಯ ಸಾಲದ ಆಳ ತಿಳಿಯುತ್ತದೆ. ಈ ಬೇನೆಗೆ ಇನ್ನೊಂದು ಮದ್ದು ಕನ್ನಡ ನೆಲದಲ್ಲಿಯೇ ಮೊಳೆಯಿತು. 1904ರ ಸಹಕಾರಿ ಕಾಯಿದೆಯ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು.

ಗಾಡಿ ಬಂತು, ಗಿರಣಿ ಬಂತು

ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ. ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ ಹೋಗುವ ದಾರಿ 1884ರಲ್ಲಿ ತೆರೆಯಿತು. 1877ರಲ್ಲಿ ಸ್ಥಾಪನೆಯಾದ ಸೊಲ್ಲಾಪುರದ ಹಳೆಯ ಗಿರಣಿಯ ಬೆನ್ನಿಗೆ ಬೇರೆ ಗಿರಣಿಗಳೂ ಎದ್ದವು. ಹಳ್ಳಿಯಲ್ಲಿ ಆಯವನ್ನೇ ನಂಬಿದ್ದವನ ಮಗನಿಗೆ ಇನ್ನೊಂದು ದಾರಿ ಕಂಡಿತು. ಭೋಂಗಾ ಕೂಗಿದಾಗ ಒಳಗೆ ಹೋಗಿ, ಕೂಗಿದಾಗ ಹೊರಬಂದು, ತಿಂಗಳಿಗೆ ಪಗಾರ ಎಣಿಸಿಕೊಳ್ಳುವ ದಾರಿ. ಊರಿನಲ್ಲಿ ಅವನು ಯಾರ ಮಗನೆಂಬುದೇ ಅವನ ಕೆಲಸವನ್ನು ನಿಶ್ಚಯಿಸುತ್ತಿತ್ತು. ಗಿರಣಿಯೊಳಗೂ ಜಾತಿಯ ನೆರಳು ಇದ್ದಿತಾದರೂ ತಿಂಗಳ ಕೊನೆಗೆ ಕೈಗೆ ಬರುವ ರೂಪಾಯಿಗೆ ಜಾತಿ ಇರಲಿಲ್ಲ. ಅಂಚೆಯವನು ಮನಿಯಾರ್ಡರು ತಂದ ದಿನ ಆ ಮನೆಯ ಮುದುಕಿ ಸಂತೆಯಲ್ಲಿ ತಲೆಯೆತ್ತಿ ನಡೆಯುತ್ತಿದ್ದಳು. 1922ರವರೆಗೆ ಅಂಚೆ ಕಾರ್ಡಿಗೆ ಒಂದೇ ಪೈಸೆ; ಆ ವರ್ಷ ಅದು ಅರ್ಧ ಆಣೆಗೆ ಏರಿತು. ಪರವೂರಿನ ಸುದ್ದಿ ಹೊರುವ ಕೆಲಸದ ಒಂದು ಪಾಲು ಹೀಗೆ ಮಹಾರರ ಕಾಲಿನಿಂದ ಅಂಚೆಯ ಚೀಲಕ್ಕೆ ಸರಿಯಿತು.

ಬಡಿಗನ ಮೇಲಿನ ಪರಿಣಾಮ ಇನ್ನೊಂದು ಬಗೆಯದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುವುದೆಂದು ರೈತರು ಅಂಜಿದರು. 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ನೆಲೆಗೊಂಡ ಮೇಲೆ ಆ ಅಂಜಿಕೆ ಮೆಲ್ಲಗೆ ಕರಗಿತು. ಕಬ್ಬಿಣದ ನೇಗಿಲು ಬಂದ ಮನೆಯಲ್ಲಿ ಬಡಿಗನಿಗೆ ಮೊದಲಿನಷ್ಟು ಕೆಲಸವಿಲ್ಲ. ಕೆಲಸವಿಲ್ಲದವನಿಗೆ ಮೊದಲಿನಷ್ಟು ಆಯ ಏಕೆಂಬ ಪ್ರಶ್ನೆ ಕಣದಲ್ಲಿ ಎದ್ದಿತು. ಬರಿದಾದ ಚಿಮಣಿ ಎಣ್ಣೆಯ ಡಬ್ಬಿಗಳು ನೀರು ಹೊರತೊಡಗಿದಾಗ ಕುಂಬಾರನ ಕೊಡಕ್ಕೂ ಅದೇ ಗತಿ.

ತೀರದೆ ಉಳಿದ ಬಾಕಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ತ್ರಿಂಬಕ ನಾರಾಯಣ ಆತ್ರೆಯವರು 1915ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ‘ಗಾಂವಗಾಡಾ’ ಗ್ರಂಥದಲ್ಲಿ ಈ ವ್ಯವಸ್ಥೆಯ ಭಾರವನ್ನು ದುಡಿಯುವ ಒಕ್ಕಲಿಗನ ಬೆನ್ನಿನ ಕಡೆಯಿಂದ ತೂಗಿ ನೋಡಿದರು. ಅದರಲ್ಲಿ ಸತ್ಯವಿಲ್ಲವೆನ್ನಲಾಗದು. ಆದರೆ ಭಾರ ಹೊತ್ತ ಬೆನ್ನುಗಳು ಇನ್ನೂ ಕೆಳಗೆ ಇದ್ದವು. ಕೈ ಕೆಸರಾದರೆ ಬಾಯಿ ಮೊಸರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಎಲ್ಲರಿಗಿಂತ ಹೆಚ್ಚು ಕೆಸರಾದ ಕೈಗಳಿಗೆ ಅಂದಿನ ಊರು ಮೊಸರು ಕೊಟ್ಟಿತೇ? ಊರಿಗೆಲ್ಲ ಮಿಣಿ ಹೊಸೆದು ಕೊಟ್ಟವರು ಆ ಮಿಣಿಯಿಂದ ಎತ್ತಿದ ನೀರನ್ನು ಮುಟ್ಟುವಂತಿರಲಿಲ್ಲ. ಊರಿನ ಎಲ್ಲ ಮನೆಗಳ ಸುದ್ದಿ ಹೊತ್ತವರ ತಲೆಯನ್ನು ನಾವಲಿಗನು ಮುಟ್ಟುತ್ತಿರಲಿಲ್ಲ, ಅವರ ಬಟ್ಟೆಯನ್ನು ಅಗಸನು ಒಗೆಯುತ್ತಿರಲಿಲ್ಲ. ಎಲ್ಲರಿಗೂ ಸೇವೆ ಸಲ್ಲಿಸಿದವರಿಗೆ ಯಾರ ಸೇವೆಯೂ ದೊರೆಯದ ಲೆಕ್ಕ ಅದು. ರಾಶಿ ಎತ್ತಿದ ಮೇಲೆ ಉಳಿದ ಮಣ್ಣು ಬೆರೆತ ಕಾಳನ್ನು ಗುಡಿಸಿಕೊಳ್ಳುವುದೂ, ಮನೆಮನೆಯ ಮುಂದೆ ನಿಂತು ರೊಟ್ಟಿ ಕೂಗುವುದೂ ಅವರ ‘ಹಕ್ಕು’ ಎನಿಸಿದ್ದವು. ಕೆಲಸವನ್ನು ಒಲ್ಲೆನೆಂದರೆ ಊರಿಗೆ ಊರೇ ಬಹಿಷ್ಕಾರ ಹಾಕುತ್ತಿತ್ತು.

ಈ ಬಾಕಿಯನ್ನು ಶಾಸನಸಭೆಯಲ್ಲಿ ಮುಂದಿಟ್ಟವರು ಡಾ. ಬಾಬಾಸಾಹೇಬ ಅಂಬೇಡ್ಕರರು. 1874ರ ವಂಶಪಾರಂಪರ್ಯ ಅಧಿಕಾರಗಳ ಕಾಯಿದೆಯನ್ನು ತಿದ್ದಲು 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಬಲೂತಿಯನ್ನು ಹಣದ ಕರವಾಗಿ ಮಾರ್ಪಡಿಸಿ, ಒಕ್ಕಲಿಗನ ಕಣದಲ್ಲಿ ಕೈಯೊಡ್ಡಿ ನಿಲ್ಲುವ ಸ್ಥಿತಿಯಿಂದ ಮಹಾರರನ್ನು ಬಿಡಿಸಬೇಕೆಂಬುದು ಅದರ ಮುಖ್ಯ ಆಶಯಗಳಲ್ಲೊಂದು. ಅನುಕೂಲ ವಾತಾವರಣವಿಲ್ಲದೆ 1929ರಲ್ಲಿ ಅವರು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೆಳಹಂತದ ಗ್ರಾಮ ವತನಗಳನ್ನು ರದ್ದುಗೊಳಿಸುವ ಕಾಯಿದೆ ಮುಂಬಯಿ ರಾಜ್ಯದಲ್ಲಿ ಬಂದದ್ದು 1958ರಲ್ಲಿ, ಎಂದರೆ ಮೂವತ್ತು ವರ್ಷಗಳ ಮೇಲೆ. 1978ರಲ್ಲಿ ದಯಾ ಪವಾರರು ತಮ್ಮ ಮರಾಠಿ ಆತ್ಮಕಥೆಗೆ ‘ಬಲೂತ’ ಎಂದೇ ಹೆಸರಿಟ್ಟಾಗ, ನಮ್ಮ ಹಿರಿಯರು ಸುಗ್ಗಿಯ ಸಂಭ್ರಮದೊಡನೆ ಉಚ್ಚರಿಸುತ್ತಿದ್ದ ಆ ಒಂದು ಶಬ್ದದೊಳಗೆ ಎಷ್ಟು ಉರಿ ಅಡಗಿತ್ತೆಂಬುದು ಓದಿದವರಿಗೆ ತಿಳಿಯಿತು.

ಗಡಿ, ಸೇರು, ಆಣೆ

ಹಳೆಯ ಲೆಕ್ಕದ ಪುಸ್ತಕ ಮುಚ್ಚಿದ ಹತ್ತು ಹನ್ನೆರಡು ವರ್ಷಗಳನ್ನು ಸಾಲಾಗಿ ನೋಡಿರಿ. 1948ರ ಮಾರ್ಚಿನಲ್ಲಿ ಅಕ್ಕಲಕೋಟೆ, ಜತ್ತ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಾವು ಈಚೆಗೆ ಉಳಿದೆವು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ, ಆಣೆ ಹೋಯಿತು. 1958ರಿಂದ ಮೀಟರು, ಕಿಲೋಗಳು ಹಂತಹಂತವಾಗಿ ಬಂದು ಸೇರು ಅಟ್ಟ ಏರಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ಹುಟ್ಟಿತು. ಒಂದೇ ತಲೆಮಾರಿನವರು ತಮ್ಮ ಗಡಿ, ತಮ್ಮ ಸೇರು, ತಮ್ಮ ಆಣೆ ಮೂರೂ ಬದಲಾದುದನ್ನು ಕಂಡರು. ಬಿಜಾಪುರದ ಬೀಗರಿಗೂ ನಮಗೂ ನಡುವೆ ರಾಜ್ಯದ ಗೆರೆ ಬಿದ್ದಿತಾದರೂ ಕಿಲೋ ಮಾತ್ರ ಎರಡೂ ಕಡೆ ಒಂದೇ ಆಯಿತು. ಊರಿಂದೂರಿಗೆ ಬೇರೆಯಾಗಿದ್ದ ಸೇರಿನಿಂದ ನಷ್ಟ ಉಂಡವರಿಗೆ ಅದು ಕಡಿಮೆ ಲಾಭವೇನಲ್ಲ.

ಇಂದು ಸಂತೆಯ ಕಾಯಿಪಲ್ಲೆಯವಳೂ ಮೊಬೈಲಿನಲ್ಲಿ ಹಣ ಪಡೆಯುತ್ತಾಳೆ. ಕೆಲಸ ಮುಗಿದೊಡನೆ ಲೆಕ್ಕ ಮುಗಿಯುತ್ತದೆ; ಯಾರಿಗೆ ಯಾರೂ ಬಾಕಿ ಇಲ್ಲ. ಮಗಳ ಮದುವೆಗೆ ಐರಾಣಿ ತಂದು ಕೊಟ್ಟ ಕುಂಬಾರನ ಮನೆಯ ಹೆಸರು ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಅಂದಿನ ಆ ಪರಿಚಯ, ಮುರಿದ ರಂಟೆಯನ್ನು ದುಡ್ಡಿಲ್ಲದೆಯೂ ಕಟ್ಟಿಸಿಕೊಳ್ಳಬಹುದಾಗಿದ್ದ ಆ ಭರವಸೆ, ಇವುಗಳಿಗಾಗಿ ಮುದುಕರ ಮನಸ್ಸು ಮರುಗುವುದು ಸಹಜ. ಆದರೆ ಮನಸ್ಸಿಗೆ ಬೇಡವಾದ ಕೆಲಸವನ್ನು ಬಿಟ್ಟು ಬೇರೊಂದನ್ನು ಹಿಡಿಯುವ ಸ್ವಾತಂತ್ರ್ಯ ಆ ರಾಶಿಯಲ್ಲಿ ಯಾರ ಪಾಲಿಗೂ ಅಳೆದು ಕೊಟ್ಟದ್ದಾಗಿರಲಿಲ್ಲ. ರೊಕ್ಕ ಬಂದು ನಂಟನ್ನು ಸಡಿಲಿಸಿತು, ಸಂಕೋಲೆಯನ್ನೂ ಸಡಿಲಿಸಿತು. ಎರಡಕ್ಕೂ ಕಟ್ಟಿದ್ದ ಹಗ್ಗ ಒಂದೇ ಆಗಿತ್ತು.

ಆದುದರಿಂದ ಅಟ್ಟದ ಸೇರನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಕೆಳಗಿಳಿಸಿ. ಮರಾಠಿ ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ಹಗೇವು, ಹಂತಿ, ಮೇಟಿ, ಮಿಣಿ, ಕೂರಿಗೆ ಎಂಬ ಶಬ್ದಗಳನ್ನು ಅದರ ನೆವದಿಂದ ಕಲಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಬಾಯಿಂದ ಇನ್ನಷ್ಟು ಶಬ್ದಗಳನ್ನು ಬರೆದಿಟ್ಟುಕೊಳ್ಳಿ. ಸುಗ್ಗಿಯ ಸೊಗಸನ್ನು ಹೇಳುವಾಗ, ಕಣದ ಅಂಚಿನಲ್ಲಿ ಮೊರ ಹಿಡಿದು ಕೊನೆಯವರೆಗೆ ಕಾದು ನಿಂತಿದ್ದವಳ ಸಂಗತಿಯನ್ನೂ ಹೇಳಿ. ಆ ಸೇರು ನಮ್ಮ ಮನೆಯ ಕಾಳನ್ನು ಅಳೆದಂತೆ ಅವಳ ಮನೆಯ ಹಸಿವನ್ನೂ ಅಳೆದಿದೆ.